ಸೋಲಾರ್ ಫಲಕದ ಮೇಲಿನ ಟವೆಲ್ಲಿನ ವಿಚಾರ

ಕಟ್ಟಡಗಳಿಗೆ ನೆರಳನ್ನೂ ವಿದ್ಯುತ್ತನ್ನೂ ಒಟ್ಟಿಗೇ ದಯಪಾಲಿಸುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೀವು ನಮ್ಮ ಕಿಟಕಿಯ ಮೇಲೆ ಸೋಲಾರ್ ಫಲಕದ ಮಾಡು ಇಳಿಸಿದ ಮೇಲೆ ನನ್ನ ಗಂಡ ಮಾತು ಬಿಟ್ಟಿದ್ದಾರೆ. ದೂರು ಇಷ್ಟೇ. ಇಷ್ಟು ಓದಿ ಫೈಲಿಗೆ ಸೇರಿಸುವುದಾದರೆ ಸೇರಿಸಬಹುದು, ಹಿಂದಿನ ಅರ್ಜಿಗಳೂ ಅಲ್ಲೇ ಇವೆ, ಒಂದಕ್ಕೊಂದು ಜೊತೆಯಾಗುತ್ತದೆ. ಸಿಟ್ಟಿನಿಂದ ಬರೆಯುತ್ತಿಲ್ಲ. ಸಿಟ್ಟು ಇತ್ತು, ನಿಮ್ಮ ಕೌಂಟರುಗಳ ಮುಂದೆ ನಿಂತೂ ನಿಂತೂ ಅದು ಆರಿಹೋಯಿತು. ಈಗ ನನಗೆ ಏನೂ ಅನ್ನಿಸುವುದಿಲ್ಲ, ಜೋಮು ಹಿಡಿದ ಕಾಲನ್ನು ಮುಟ್ಟಿ ನೋಡಿದ ಹಾಗೆ. ಅದೂ ಒಂದು ಅನುಕೂಲವೇ, ನಡೆದದ್ದನ್ನು ನಡೆದ ಹಾಗೆ ಹೇಳಬಹುದು.

ಮೊದಲು ನಿಮ್ಮ ಕಡೆಯ ಮಾತು. ಫಲಕ ಬಂದ ಮೇಲೆ ಮನೆ ತಂಪಾಗಿದೆ. ಮಧ್ಯಾಹ್ನ ಕಾದ ಕಾವಲಿಯಾಗುತ್ತಿದ್ದ ಕೋಣೆಯಲ್ಲಿ ಈಗ ಫ್ಯಾನಿಲ್ಲದೆ ಕೂರಬಹುದು. ಬಿಸಿಲನ್ನು ಹೊರಗೇ ತಡೆದು, ಆ ಬಿಸಿಲಿನಿಂದಲೇ ಲಿಫ್ಟು ಓಡಿಸುವುದು ಬುದ್ಧಿವಂತರ ಕೆಲಸ, ಯಾರು ಇಲ್ಲ ಅಂದರು? ನಿಮ್ಮ ಯೋಜನೆಯ ಮೇಲೆ ನನಗೆ ದ್ವೇಷವಿಲ್ಲ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ನನ್ನ ಗಂಡ ಬಸ್ ಕಂಡಕ್ಟರಾಗಿದ್ದವರು. ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಅವರು ‘ಹೋಲ್ಡಾನ್’ ಎಂದರೆ ಪಕ್ಕದ ಬಸ್ಸಿನ ಡ್ರೈವರೂ ಬ್ರೇಕ್ ಒತ್ತುತ್ತಿದ್ದನೆಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಗಂಟಲಿನ ಗಡ್ಡೆಗೆ ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿ ಉಳಿಯಲಿಲ್ಲ. ಈಗ ಕತ್ತಿನ ತೂತಿನಿಂದ ಉಸಿರಾಡುತ್ತಾರೆ. ನಾನು ರಸ್ತೆಯಾಚೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ನನ್ನ ಮೇಜು ಕಿಟಕಿಗೆ ಅಂಟಿಕೊಂಡಿದೆ. ನಮ್ಮ ಮನೆ ಈಚೆ ಬದಿಯ ಎರಡನೇ ಮಹಡಿ. ತಲೆ ಎತ್ತಿದರೆ ಅವರಿಗೆ ನಾನು, ತಲೆ ತಗ್ಗಿಸಿದರೆ ನನಗೆ ಅವರು. ಹೀಗೆ ನಮ್ಮ ಸಂಸಾರ ರಸ್ತೆಯ ಮೇಲಿನಿಂದ ನಡೆಯುತ್ತಿತ್ತು. ಅಂಗೈ ಎತ್ತಿದರೆ ‘ನಿಲ್ಲು’, ಎರಡು ಬೆರಳು ಮುಂದಕ್ಕೆ ಬೀಸಿದರೆ ‘ರೈಟ್, ಎಲ್ಲ ಸರಿ’, ಟಿಕೆಟ್ ಹರಿದ ಹಾಗೆ ಮಾಡಿದರೆ ‘ಊಟ ಆಯಿತು’. ಟಿಕೆಟ್ಟಿಗೂ ಊಟಕ್ಕೂ ಏನು ಸಂಬಂಧ ಎಂದು ಕೇಳಬೇಡಿ, ಗಂಡ ಹೆಂಡಿರ ಮಾತಿಗೆ ಹೊರಗಿನವರ ವ್ಯಾಕರಣ ತಾಗುವುದಿಲ್ಲ. ನಮ್ಮ ಸೂಪರ್‌ವೈಸರಮ್ಮನನ್ನು ಅಣಕಿಸುವುದಕ್ಕೂ ಒಂದು ಸನ್ನೆಯಿತ್ತು. ಕತ್ತರಿ ಹಿಡಿದುಕೊಂಡೇ ನಕ್ಕು ಬೈಸಿಕೊಂಡಿದ್ದೇನೆ. ಕೈಯಲ್ಲೂ ಅವರು ವಾಚಾಳಿಯೇ.

ನಿಮ್ಮ ಫಲಕ ಕಿಟಕಿಯ ನೆತ್ತಿಯಿಂದ ಹೊರಕ್ಕೆ ಚಾಚಿ ಇಳಿಜಾರಾಗಿ ನಿಂತಿದೆ. ಬೀದಿಯಲ್ಲಿ ನಿಂತು ನೋಡಿದರೆ ಕಿಟಕಿ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ಕಡೆಯವರು ನಿಂತು ನೋಡಿದ್ದು ಬೀದಿಯಲ್ಲೇ. ಮೇಲಿನಿಂದ ನೋಡುವವಳಿಗೆ ಅಲ್ಲಿ ಗಂಡನಿಲ್ಲ, ಮೋಡ ಇದೆ. ಫಲಕದ ಗಾಜಿನಲ್ಲಿ ಮೋಡಗಳು ಬಲು ಅಂದವಾಗಿ ಹೋಗುತ್ತವೆ. ಇದನ್ನು ನಿಮ್ಮ ಕೌಂಟರಿನಲ್ಲಿ ಹೇಳಿದಾಗ ಅಲ್ಲಿನವರು, “ಅಲ್ಲಮ್ಮಾ, ಮನೇಲಿ ಫೋನ್ ಇಲ್ವಾ?” ಎಂದರು. ಇದೆ. ಕಾರ್ಖಾನೆಯ ಒಳಗೆ ಫೋನ್ ತರುವಂತಿಲ್ಲ, ಬಾಗಿಲಲ್ಲೇ ತೆಗೆದಿಡಬೇಕು. ಅದೂ ಹೋಗಲಿ. ಸುಮ್ಮನೆ ಒಂದು ಸಲ ಕೈ ಬೀಸುವುದಕ್ಕೆ ಯಾರಾದರೂ ಮೆಸೇಜು ಹಾಕುತ್ತಾರೆಯೇ? ನೀವು ನಿಮ್ಮ ಹೆಂಡತಿಗೆ ಹಾಕುತ್ತೀರಾ? ನನ್ನ ಅರ್ಜಿಗೆ ಉತ್ತರ ಲಿಖಿತವಾಗಿ ಬಂತು: ‘ಪರಿಶೀಲನೆಯಲ್ಲಿದೆ, ಸಾಧ್ಯಾಸಾಧ್ಯತೆ ನೋಡಿ ಕ್ರಮ ಕೈಗೊಳ್ಳಲಾಗುವುದು.’ ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೆ ನಿಮ್ಮಲ್ಲಿ ಪ್ರತ್ಯೇಕ ವಿಭಾಗವೇ ಇರಬೇಕು.

ನನ್ನ ಗಂಡ ಅರ್ಜಿ ಬರೆಯಲಿಲ್ಲ, ಉಪಾಯ ಹುಡುಕಿದರು. ನೆಲ ಒರೆಸುವ ಕೋಲಿಗೆ ಟವೆಲ್ಲು ಸಿಕ್ಕಿಸಿ, ಕಿಟಕಿಯಿಂದ ಕೈ ಚಾಚಿ, ಫಲಕದ ಗಾಜಿನ ಮೇಲೆ ಹೊದಿಸಿದರು. ಬಿಳಿ ಟವೆಲ್ಲೆಂದರೆ ಚೆನ್ನಾಗಿದ್ದೇನೆ. ಕೆಂಪೆಂದರೆ ಕತ್ತಿನ ತೂತಿನಲ್ಲಿ ಕಫ ಕಟ್ಟಿದೆ, ಓಡಿ ಬಾ. ಮೋಡದ ನಡುವೆ ಆ ಬಿಳಿ ಟವೆಲ್ಲು ಮೊದಲ ಸಲ ಕಂಡಾಗ ನಾನು ಮೇಜಿನ ಮೇಲೆ ಕೈಯೂರಿ ಅತ್ತೆ. ಸಂತೋಷಕ್ಕೇ ಅತ್ತದ್ದು.

ಆದರೆ ಸಾಲಿನಲ್ಲಿ ಒಂದು ಫಲಕ ಮುಚ್ಚಿಹೋದರೆ ಸಾಲಿಗೆ ಸಾಲೇ ಸೊರಗುತ್ತದಂತೆ. ನೆರಳಿಗೆಂದು ಹಾಕಿದ್ದಕ್ಕೆ ನೆರಳು ಬಿದ್ದರೆ ಆಗದು. ನಿಮ್ಮ ಕಂಪ್ಯೂಟರಿಗೆ ತಿಳಿಯಿತು, ಲಿಫ್ಟಿಗೆ ತಿಳಿಯಿತು, ಮೇಲಿನ ಮನೆಯ ಮೇಷ್ಟ್ರಿಗೂ ತಿಳಿಯಿತು. “ನಿಮ್ಮ ಟವೆಲ್ ಒಣಗ್ಲಿ ಅಂತ ನಾವು ಮೆಟ್ಲು ಹತ್ಬೇಕೇನ್ರೀ?” ಎಂದು ಮೆಟ್ಟಿಲಲ್ಲಿ ಕೇಳಿದರು. ಅವರಿಗೆ ಮಂಡಿನೋವು. ಅವರದೂ ತಪ್ಪಲ್ಲ.

ಒಂದು ಮಧ್ಯಾಹ್ನ ಆ ಟವೆಲ್ಲನ್ನು ಒಂದು ಕೈ ಎಳೆದುಕೊಂಡಿತು. ಅದು ಅವರ ಕೈಯಲ್ಲ ಎಂದು ನಾಲ್ಕನೇ ಮಹಡಿಯಿಂದಲೇ ಗೊತ್ತಾಯಿತು. ಕತ್ತರಿ ಬಿಟ್ಟು ಓಡಿಬಂದೆ. ನಿಮ್ಮ ಇನ್‌ಸ್ಪೆಕ್ಟರ್ ಸಾಹೇಬರು ನಮ್ಮ ಮಂಚದ ತುದಿಯಲ್ಲಿ ಕೂತು ವರದಿ ಬರೆಯುತ್ತಿದ್ದರು. ಎದುರಿಗೆ ನನ್ನ ಗಂಡ ಬೆವತು ನಿಂತಿದ್ದರು.

“ಆಗಿಂದ ಕೈ ಆಡಿಸ್ತಾನೇ ಇದಾರೆ ಮೇಡಂ,” ಎಂದರು ಸಾಹೇಬರು. “ಪಾಪ, ಬೇಜಾರಾಗ್ಬಾರ್ದು ಅಂತ ನಾನೂ ಹ್ಞೂಂ ಹ್ಞೂಂ ಅಂತಿದ್ದೆ.”

“ಏನ್ ಹೇಳಿದ್ರು ಗೊತ್ತಾಯ್ತಾ ಸಾರ್?”

“ಇಲ್ಲಪ್ಪ. ಬಾಯಲ್ಲಿ ಏನೂ ಹೇಳ್ಲಿಲ್ವಲ್ಲ.”

ಕೆಟ್ಟವರಲ್ಲ. ಹೋಗುವಾಗ ಟವೆಲ್ಲನ್ನು ಮಡಿಸಿಯೇ ಕೊಟ್ಟರು. ಆದರೆ ವರದಿಯ ಪ್ರತಿಯಲ್ಲಿ ಹೀಗಿತ್ತು: ‘ನಿವಾಸಿಯು ಸ್ಥಳದಲ್ಲಿ ಹಾಜರಿದ್ದು, ಮೌಖಿಕವಾಗಿ ಯಾವುದೇ ಆಕ್ಷೇಪಣೆ ವ್ಯಕ್ತಪಡಿಸಿರುವುದಿಲ್ಲ.’ ನನ್ನ ಗಂಡ ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಅಂದಿನಿಂದ ಹಾಗೆಯೇ ಕೂರುತ್ತಾರೆ. ನಾನು ಮನೆಯಲ್ಲಿ ಎದುರಿಗೇ ನಿಂತು, “ಊಟ ಆಯ್ತಾ?” ಎಂದು ಕೇಳಿದರೂ ಟಿಕೆಟ್ ಹರಿಯುವುದಿಲ್ಲ, ತಲೆಯಾಡಿಸುತ್ತಾರೆ ಅಷ್ಟೆ. ನಾನೂ ಈಗ ಹೆಚ್ಚು ಕೇಳುವುದಿಲ್ಲ. ಇಬ್ಬರೂ ತಂಪಾದ ಕೋಣೆಯಲ್ಲಿ ತಂಪಾಗಿ ಕೂತಿರುತ್ತೇವೆ.

ಮಾನ್ಯರೇ, ಫಲಕಗಳನ್ನು ಕಿತ್ತುಹಾಕಿ ಎಂದು ಕೇಳುತ್ತಿಲ್ಲ. ಬಿಸಿಲು ಎಲ್ಲರಿಗೂ ಸುಡುತ್ತದೆ. ನಮ್ಮ ಕಿಟಕಿಯ ಒಂದೇ ಒಂದು ಫಲಕಕ್ಕೆ ಕೀಲು ಹಾಕಿಸಿ, ಒಳಗಿನಿಂದ ಎತ್ತಲು ಬರುವ ಹಾಗೆ. ಅದನ್ನು ಸಾಲಿನಿಂದ ಬೇರೆ ಮಾಡಿಬಿಡಿ, ಮೇಷ್ಟ್ರ ಮಂಡಿಗೆ ತೊಂದರೆಯಾಗದಿರಲಿ. ಕಡಿಮೆಯಾಗುವ ವಿದ್ಯುತ್ತಿಗೆ ಬದಲಾಗಿ ನಾವಿಬ್ಬರೂ ಲಿಫ್ಟು ಹತ್ತುವುದನ್ನು ಬಿಡುತ್ತೇವೆ.

ಎರಡನೆಯದು, ಆ ವರದಿಯ ಸಾಲನ್ನು ಹೊಡೆದುಹಾಕಿ, ಆಕ್ಷೇಪಣೆ ಇದೆ ಎಂದು ಬರೆಯಿರಿ. ಏನು ಆಕ್ಷೇಪಣೆ ಎಂದು ಕೇಳಿ ಬರಲು ಯಾರನ್ನಾದರೂ ಕಳಿಸುವುದಾದರೆ, ಅವರು ಸ್ವಲ್ಪ ಹೊತ್ತು ಕೂರುವಂಥವರಾಗಿರಲಿ. ನನ್ನ ಗಂಡನಿಗೆ ತೊಡೆಯ ಕೆಳಗಿನಿಂದ ಕೈ ತೆಗೆಯಲು ಈಗ ತಡವಾಗುತ್ತದೆ.

ಇಂತಿ,
ನಿಮ್ಮದೇ ವಿದ್ಯುತ್ತಿನ ಬೆಳಕಿನಲ್ಲಿ ಇದನ್ನು ಬರೆದ,
ದಿನವಿಡೀ ಮೋಡ ನೋಡುವ ಕೆಲಸದವಳು