ಮೂರು ಸಾಲು ಸೂಜಿ ತೂತು

ತಮ್ಮಾ,

ಇವತ್ತು ಅಮ್ಮ ನಿನ್ನ ಕಂದು ಪ್ಯಾಂಟನ್ನು ನನ್ನ ಹೊಲಿಗೆ ಅಂಗಡಿಗೆ ತಂದಿದ್ದಳು. ನೀನು ತೀರಿಹೋಗಿ ಎಂಟು ತಿಂಗಳಾಯಿತಲ್ಲ. "ಸೊಂಟ ಲೂಸ್ ಮಾಡ್ಕೊಡು, ಯಾರಿಗಾದ್ರೂ ಕೊಡೋಣ" ಎಂದಳು.

ಬಿಚ್ಚಿದೆ. ದಾರ ತೆಗೆದರೂ ಸೂಜಿಯ ತೂತು ಬಟ್ಟೆಯಲ್ಲಿ ಉಳಿಯುತ್ತದೆ. ಮೊದಲ ಹೊಲಿಗೆ ಬಿಟ್ಟು ಇನ್ನೂ ಮೂರು ಸಾಲು, ಒಂದಕ್ಕಿಂತ ಒಂದು ಒಳಗೆ. ಅಮ್ಮ ಕನ್ನಡಕ ಹಾಕಿಕೊಂಡು ಅದರ ಮೇಲೆ ಬೆರಳಾಡಿಸಿದಳು.

"ಮೂರು ಸಲ ಸೊಂಟ ಬಿಗಿ ಹಿಡಿಸಿದ್ನಾ?"

"ಹೂಂ. ಒಂದೇ ವರ್ಷದಲ್ಲಿ."

ಊಟ ಬಿಟ್ಟು ಕುಡಿಯುತ್ತಿದ್ದೆ ನೀನು. ಬೆಳಿಗ್ಗೆ ಅಂಗಡಿಗೆ ಬಂದಾಗಲೂ ಬಾಯಿ ವಾಸನೆ ಬರುತ್ತಿತ್ತು. "ಅಕ್ಕಾ, ಒಂದಿಂಚು ಹಿಡಿ. ಅಮ್ಮಂಗೆ ಹೇಳ್ಬೇಡ, ಸುಮ್ನೆ ಗಾಬರಿ ಆಗ್ತಾಳೆ" ಎನ್ನುತ್ತಿದ್ದೆ. ಇಪ್ಪತ್ತಮೂರು ವಯಸ್ಸು, ಹುಡುಗರೆಲ್ಲ ಕುಡಿಯುತ್ತಾರೆ, ತಾನಾಗಿಯೇ ಬಿಡುತ್ತಾನೆ ಎಂದುಕೊಂಡು ಹಿಡಿದುಕೊಟ್ಟೆ. ಎಲ್ಲೂ ಒಂದು ಸುಕ್ಕು ಬರದ ಹಾಗೆ ಹಿಡಿದಿದ್ದೆ.

ಅಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಬಿಚ್ಚಿದ ಪ್ಯಾಂಟನ್ನು ಹಾಗೇ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಬಾಗಿಲ ತನಕ ಹೋಗಿ ನಿಂತಳು.

"ಬಟ್ಟೆ ಯಾವಾಗ್ಲೂ ಮೈಮೇಲೆ ಸರಿಯಾಗೇ ಕೂತಿರ್ತಿತ್ತು ನೋಡು," ಎಂದಳು. "ಅದಕ್ಕೇ ನಂಗೆ ಗೊತ್ತಾಗ್ಲಿಲ್ಲ."