ಕೆರೆದು ತೆಗೆದ ಮೂರು ಪದ

ಅಕ್ಟೋಬರ್ 18, ಶನಿವಾರ

ಬಿಪಿ 138/84. ವಾಕ್ ಇಪ್ಪತ್ತು ನಿಮಿಷ. ಆಮೇಲೆ ನಯೀಮಾ ಜೊತೆ ಓಕ್ ಟ್ರೀ ರೋಡಿಗೆ, ಇಲ್ಲಿನ ಇಂಡಿಯನ್ ಅಂಗಡಿಗಳ ಬೀದಿಗೆ. ಪಾರ್ಕಿಂಗ್ ಸಿಗದೆ ಮೂರು ಸುತ್ತು. ಮಗಳಿಗೆ ಸಿಟ್ಟು, ನನಗೆ ಹಸಿವು. ಕೊತ್ತಂಬರಿ, ಹೀರೇಕಾಯಿ, ರಸ್ಕ್.

ಮನೆಗೆ ಬಂದರೆ ಡೈನಿಂಗ್ ಟೇಬಲ್ ಮೇಲೆ ಅಬ್ಬಾಜಾನರ ಲಾಗ್‌ಬುಕ್, ಅಪ್ಪ ತಮ್ಮ ಹಾರಾಟದ ಲೆಕ್ಕ ಬರೆದಿಟ್ಟ ಪುಸ್ತಕ. ತೆರೆದಿತ್ತು. ಮೊಮ್ಮಗಳು ತಹ್ರೀಮ್ ನನ್ನ ಸೂಟ್‌ಕೇಸಿನಿಂದ ತೆಗೆದಿದ್ದಾಳೆ. ನವೆಂಬರ್ 11, ವೆಟರನ್ಸ್ ಡೇ, ಇಲ್ಲಿನ ಮಾಜಿ ಸೈನಿಕರ ದಿನ; ಅವತ್ತು ಕಮ್ಯುನಿಟಿ ಸೆಂಟರಿನಲ್ಲಿ ಪ್ರದರ್ಶನವಂತೆ. ಮನೆಯ ಹಿರಿಯರು ಯುದ್ಧಕ್ಕೆ ಹೋಗಿದ್ದರೆ ಅವರ ವಸ್ತು ಇಟ್ಟು ಎರಡು ಮಾತು ಹೇಳಬೇಕು.

“ನಾನಾ, ಲುಕ್. ಹಿಸ್ ಹ್ಯಾಂಡ್‌ರೈಟಿಂಗ್ ಈಸ್ ಎಕ್ಸಾಕ್ಟ್ಲಿ ಲೈಕ್ ಯುವರ್ಸ್.”

“ರಕ್ತದಲ್ಲೇ ಬಂದಿದೆ ಬಿಡಿ ಅಬ್ಬಾ,” ಎಂದಳು ನಯೀಮಾ.

ನಕ್ಕೆ. ಸಂಜೆ ಬಿಪಿ 162/94.

ಅಕ್ಟೋಬರ್ 19

ಬರೆದುಬಿಡುತ್ತೇನೆ. ಈ ಮನೆಯಲ್ಲಿ ಕನ್ನಡ ಓದುವವನು ನಾನೊಬ್ಬನೇ. ನಯೀಮಾ ಅಂಗಡಿ ಬೋರ್ಡು ಕೂಡಿಸಿಕೊಂಡು ಓದುತ್ತಾಳೆ, ಅಷ್ಟೆ.

ಅಬ್ಬಾಜಾನ್ — ಫ್ಲೈಯಿಂಗ್ ಆಫೀಸರ್ ಗೌಸ್ ಮೊಹಿಯುದ್ದೀನ್. ನಮ್ಮ ದೇಶದ ಮೊದಮೊದಲ ಫೈಟರ್ ಪೈಲಟ್‌ಗಳಲ್ಲಿ ಒಬ್ಬರು. 1944, ಬರ್ಮಾ ಗಡಿ, ಹರಿಕೇನ್ ವಿಮಾನ. ಒಬ್ಬರೇ ಕೂರುವಂಥದು. ನಲವತ್ತೊಂದು ಸಲ ಶತ್ರುವಿನ ನೆತ್ತಿಯ ಮೇಲೆ ಹಾರಿ, ಫೋಟೋ ತೆಗೆದು, ಜೀವಸಹಿತ ವಾಪಸ್ಸು ಬಂದರು. ಒಂದು ವಿಮಾನವನ್ನೂ ಕೆಡವಲಿಲ್ಲ. ಮೈಸೂರಿಗೆ ಬಂದು ಬಸ್ ಕಂಪನಿಯಲ್ಲಿ ಮ್ಯಾನೇಜರ್ ಆದರು. ನನಗೆ ಹತ್ತು ವರ್ಷವಾದಾಗ ಟೈಫಾಯ್ಡ್ ಬಂದು ತೀರಿಹೋದರು. ಯುದ್ಧದ ಮಾತು ಒಂದು ದಿನವೂ ಆಡಿದವರಲ್ಲ.

ನನಗೆ ಹನ್ನೆರಡಾದಾಗ ಕ್ಲಾಸಿನಲ್ಲಿ ಗಣಪತಿ ಕೇಳಿದ, “ನಿಮ್ಮಪ್ಪ ಎಷ್ಟು ವಿಮಾನ ಕೆಡವಿದ್ರು?” ಒಂದು ಎಂದೆ. “ತೋರ್ಸು.”

ಲಾಗ್‌ಬುಕ್ಕಿನಲ್ಲಿ ಒಂದು ಸಾಲು ಸಿಕ್ಕಿತು. ಜನವರಿ ಹದಿನೇಳು: ಒಂದು ಜಪಾನಿ ವಿಮಾನ ಎದುರಾಯಿತು. ಅದರ ಮುಂದೆ ಮೂರು ಸಣ್ಣ ಪದ. ಆ ಮೂರನ್ನೂ ಬ್ಲೇಡಿನಲ್ಲಿ ಕೆರೆದೆ. ‘ಶಾಟ್ ಡೌನ್’ ಎಂದು ಬರೆದೆ. ಅದಕ್ಕೆ ಮೊದಲು ಒಂದು ತಿಂಗಳು ಅವರ ಇಂಗ್ಲಿಷ್ ಅಕ್ಷರವನ್ನು ತಿದ್ದಿ ತಿದ್ದಿ ಕಲಿತಿದ್ದೆ. ಆ ಅಕ್ಷರ ಕೈಬಿಟ್ಟು ಹೋಗಲೇ ಇಲ್ಲ. ರಕ್ತದಲ್ಲಿ ಬಂದದ್ದಲ್ಲ ಮಗಳೇ, ಕದ್ದದ್ದು.

ಆಮೇಲೆ ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಕೂತು ಜನರ ಸಹಿ ಹೋಲಿಸಿ ನೋಡುವ ಕೆಲಸ. ನಕಲಿ ಹಿಡಿದಾಗೆಲ್ಲ ಸಾಹೇಬರು ಬೆನ್ನು ತಟ್ಟುತ್ತಿದ್ದರು.

ಆ ಮೂರು ಪದ ಯಾವುವು? ಯಾರಾದರೂ ಬಂದಾರೆಂಬ ಭಯದಲ್ಲಿ ಓದಿದ್ದೆನೋ ಇಲ್ಲವೋ. ಅರವತ್ತೆಂಟು ವರ್ಷದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ.

ಅಕ್ಟೋಬರ್ 25, ಶನಿವಾರ

ಪದ್ಮಜಾ ಬಂದಿದ್ದಳು. ಹಾಸನದ ಹುಡುಗಿ. ದಿನಾ ಟ್ರೇನಿನಲ್ಲಿ ನ್ಯೂಯಾರ್ಕಿಗೆ ಹೋಗಿ ಹಳೆಯ ಕಾಗದಪತ್ರ ರಿಪೇರಿ ಮಾಡುತ್ತಾಳೆ. ಪ್ರದರ್ಶನದ ಉಸ್ತುವಾರಿ ಅವಳದೇ. ಪುಸ್ತಕದ ಹತ್ತಿರ ಚಹಾ ತರಬೇಡಿ ಎಂದಳು. ಪುಟ ತಿರುಗಿಸುತ್ತಾ ಬಂದು... ಜನವರಿಯಲ್ಲಿ ನಿಂತಳು. ಫೋನಿನ ಟಾರ್ಚ್ ಓರೆಯಾಗಿ ಹಿಡಿದಳು.

“ಅಂಕಲ್, ಇಲ್ಲಿ ಪೇಪರ್ ತೆಳ್ಳಗಾಗಿದೆ ಅಲ್ವಾ?”

“ಹುಳ ತಿಂದಿರ್ಬೇಕಮ್ಮ.”

ಹುಳವೇ. ಎಂಬತ್ತು ವರ್ಷದ ಹುಳ, ಎದುರಿಗೇ ಕೂತಿತ್ತು.

“ಲ್ಯಾಬ್‌ಗೆ ತಗೊಂಡ್ ಹೋಗ್ಲಾ? ಬೇರೆ ಲೈಟಲ್ಲಿ ನೋಡಿದ್ರೆ ಹಳೇ ಇಂಕ್ ಕಾಣ್ಸುತ್ತೆ ಒಂದೊಂದ್ಸಲ.”

ಬೇಡ ಎನ್ನಬೇಕಿತ್ತು. ನಯೀಮಾ ನನಗಿಂತ ಮೊದಲೇ ಶ್ಯೂರ್ ಎಂದಳು. ನಾನೂ ತಡೆಯಲಿಲ್ಲ. ನಿಜ ಹೇಳಬೇಕೆಂದರೆ ಆ ಮೂರು ಪದ ನನಗೂ ಬೇಕಿತ್ತು.

ನವೆಂಬರ್ 2, ಭಾನುವಾರ

ಚಳಿಗಾಲ ಬಂತೆಂದು ಇಲ್ಲಿ ಎಲ್ಲರ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಮಾತ್ರೆ ಎರಡು ಸಲ ನುಂಗಿದೆನೋ ಏನೋ.

ತಹ್ರೀಮ್ ಫ್ರಿಜ್ ಮುಂದೆ ನಿಂತು ಭಾಷಣ ಪ್ರಾಕ್ಟೀಸ್ ಮಾಡುತ್ತಾಳೆ. “ಹಿ ಶಾಟ್ ಡೌನ್ ಒನ್ ಎನಿಮಿ ಪ್ಲೇನ್.” ಐದು ಸಲ. ಪ್ರತಿ ಸಲ ನನ್ನ ಕಡೆ ನೋಡುತ್ತಾಳೆ, ನಾನು ತಲೆಯಾಡಿಸುತ್ತೇನೆ. ಇಂಡಿಯನ್ನರು ಆ ಯುದ್ಧದಲ್ಲಿ ಹಾರಿದ್ದೇ ಅವಳ ಹಿಸ್ಟರಿ ಟೀಚರಿಗೆ ಗೊತ್ತಿರಲಿಲ್ಲವಂತೆ. ಅದನ್ನು ಹೇಳುವಾಗ ಗದ್ದ ಮೇಲೆತ್ತುತ್ತಾಳೆ. ಗಣಪತಿಯ ಮುಂದೆ ನಾನೂ ಹೀಗೇ ನಿಂತಿದ್ದಿರಬೇಕು.

ನವೆಂಬರ್ 6

ಪದ್ಮಜಾ ವಾಟ್ಸಾಪ್: “ಅಂಕಲ್, ಒಮ್ಮೆ ಕಾಲ್ ಮಾಡಿ. ನಿಮ್ಮೊಬ್ಬರ ಹತ್ರ ಮಾತಾಡ್ಬೇಕು.”

ಮಾಡಲಿಲ್ಲ.

ನವೆಂಬರ್ 7

ಮಾಡಲಿಲ್ಲ. ಫೋನ್ ಚಾರ್ಜಿಗೂ ಹಾಕಲಿಲ್ಲ.

ನವೆಂಬರ್ 9, ಭಾನುವಾರ

ಅವಳೇ ಬಂದಳು. ಪುಣ್ಯಕ್ಕೆ ನಯೀಮಾ, ತಹ್ರೀಮ್ ಇಬ್ಬರೂ ಸಾಮಾನು ತರಲು ಕಾಸ್ಟ್ಕೊಗೆ ಹೋಗಿದ್ದರು. ಫೋಟೋ ತೋರಿಸಿದಳು. ನೇರಳೆ ಬೆಳಕು. ನನ್ನ ‘ಶಾಟ್ ಡೌನ್’ ಅಡಿಯಲ್ಲಿ, ಮಸುಕು ಮಸುಕಾಗಿ, ಅಬ್ಬಾಜಾನರ ಕೈ.

ಡಿಡ್ ನಾಟ್ ಫೈರ್.

ಗುಂಡು ಹಾರಿಸಲಿಲ್ಲ. ಇಷ್ಟೇ.

“ಯಾರೋ ಕೆರೆದಿದ್ದಾರೆ ಅಂಕಲ್.”

“ನಾನೇ ಕಣಮ್ಮ.”

ಫೋನ್ ಮಗುಚಿ ಟೇಬಲ್ ಮೇಲಿಟ್ಟಳು. ಆಮೇಲೆ, “ಪುಸ್ತಕದ ಜೊತೆ ಇಡೋ ಕಾರ್ಡ್ ಇನ್ನೂ ಬರೆದಿಲ್ಲ. ಟೈಮ್ ಇದೆ. ಆದ್ರೆ ತಹ್ರೀಮ್‌ಗೆ ನೀವೇ ಹೇಳ್ಬೇಕು.”

ಏಕೆ ಹಾರಿಸಲಿಲ್ಲ? ಗನ್ ಜಾಮ್ ಆಗಿದ್ದರೆ ಹಾಗೆಂದೇ ಬರೆಯುತ್ತಿದ್ದರು, ಬೇರೆ ಎರಡು ಕಡೆ ಬರೆದಿದ್ದಾರೆ. ಹೆದರಿದರೇ? ಎದುರಿನವನ ಮುಖ ಕಂಡಿತೇ? ಕೇಳೋಣವೆಂದರೆ ಯಾರೂ ಉಳಿದಿಲ್ಲ. ಬಾಯಲ್ಲಿ ಆಡದೆ ಇದ್ದದ್ದನ್ನು ಅವರು ಒಂದು ಕಡೆ, ಮೂರು ಪದದಲ್ಲಿ ಬರೆದಿಟ್ಟಿದ್ದರು. ಅದನ್ನೇ ಹುಡುಕಿ ಕೆರೆದೆ. ಅಪ್ಪನನ್ನು ದೊಡ್ಡವರನ್ನಾಗಿ ಮಾಡಿದೆ ಅಂದುಕೊಂಡಿದ್ದೆ... ಅವರು ಉಳಿಸಿದ ಒಂದು ಜೀವವನ್ನು ನಾನು ತೆಗೆದು ಅವರ ಹೆಸರಿಗೆ ಬರೆದೆ. ನಾಚಿಕೆಯಾಯಿತು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನವೆಂಬರ್ 10

ಹೇಳಲಿಲ್ಲ. ತಿಂಡಿ ಹೊತ್ತಿಗೆ ಅಂದುಕೊಂಡೆ, ಸ್ಕೂಲ್ ಬಸ್ ಬಂತು. ಸಂಜೆ ಅಂದುಕೊಂಡೆ — ಅವಳೇ ದಪ್ಪ ಬಿಳಿ ಕಾರ್ಡು, ಇಂಕ್ ಪೆನ್ನು ಹಿಡಿದುಕೊಂಡು ರೂಮಿಗೆ ಬಂದಳು.

“ನಾನಾ, ಯು ರೈಟ್ ಇಟ್. ಇಟ್ ವಿಲ್ ಲುಕ್ ಲೈಕ್ ಹಿ ರೋಟ್ ಇಟ್ ಹಿಮ್‌ಸೆಲ್ಫ್.”

ಪೆನ್ನು ಇಸಿದುಕೊಂಡೆ. ಆಯ್ತು ಬೇಟಾ ಎಂದೆ.

ನವೆಂಬರ್ 11, ಮಧ್ಯಾಹ್ನ 3.40

ನಾಲ್ಕಕ್ಕೆ ಹೊರಡಬೇಕು. ಬಿಪಿ ನೋಡಲಿಲ್ಲ.

ಕಾರ್ಡು ಬರೆದೆ. ಅಬ್ಬಾಜಾನರ ಕೈಯಲ್ಲೇ. ನನಗೆ ಬೇರೆ ಕೈ ಬರುವುದಿಲ್ಲ. ಹೆಸರು, ವರ್ಷ, ವಿಮಾನ. ಕೊನೆಗೆ: ಒಂದು ಜಪಾನಿ ವಿಮಾನ ಎದುರಾಯಿತು. ಡಿಡ್ ನಾಟ್ ಫೈರ್. ಕೆಳಗೆ ಟೇಬಲ್ ಮೇಲಿಟ್ಟು ಸದ್ದಿಲ್ಲದೆ ಮೇಲೆ ಬಂದುಬಿಟ್ಟೆ, ಹೇಡಿಯ ಹಾಗೆ.

ನಯೀಮಾ ಕಾರು ತೆಗೆದಳು. ಮೆಟ್ಟಿಲ ಮೇಲೆ ಹೆಜ್ಜೆ.

“ನಾನಾ? ವೈ ಡಸ್ ಇಟ್ ಸೇ ದಿಸ್?”

ಓದಿದ್ದಾಳೆ. ಬಾಗಿಲಲ್ಲಿದ್ದಾಳೆ. ಎಲ್ಲಿಂದ ಶುರು ಮಾಡಲಿ... ಗಣಪತಿಯಿಂದಲೇ. ಬಾ ಬೇಟಾ, ಕೂತ್ಕೋ. ನನಗಾಗ ಹನ್ನೆರಡು ವರ್ಷ. ಕೈಯಲ್ಲೊಂದು ಬ್ಲೇಡ್ —