ನೂರಕ್ಕೆ ಮೂವತ್ತು

ಬುಧವಾರ, ನೀರು ಇಳಿದ ಒಂಬತ್ತನೆಯ ದಿನ

ಮಳೆ-ಗಾಳಿಯ ಮುನ್ಸೂಚನೆ ಕೊಡುವ ಗಾಳಿ ಕಚೇರಿಯ ಮೇಡಂಗೆ, ಅಂದರೆ ನನ್ನ ಅಕ್ಕನ ಮುದ್ದು ಮಗಳಿಗೆ,

ನಿನ್ನ ಮಾವ ಗುಂಡುಕಲ್ಲಿನ ಹಾಗಿದ್ದಾನೆ. ಕಾಗೆಕಾಲಿನಂಥ ಈ ಅಕ್ಷರ ನೋಡಿ ಬೇರೆ ಯಾರೋ ಬರೆದರು ಎಂದುಕೊಳ್ಳಬೇಡ. ಓದಿದ್ದು ಏಳನೇ ಕ್ಲಾಸಾದರೂ ನನ್ನ ಬರಹ ಮುತ್ತು ಪೋಣಿಸಿದಂತೆ. ಬಂದರಿನ ಸೂಚನಾ ಹಲಗೆಗೆ ಇಪ್ಪತ್ತು ವರ್ಷದಿಂದ ನಾನೇ ಬರೆಯುವುದು. ಇವತ್ತು ಪೆನ್ನು ಸರಿಯಿಲ್ಲ.

ತುಟಿಯ ಹೊಲಿಗೆ ಬಿಚ್ಚಿದರೇ? ಬಲೆ ಹೆಣೆಯುವವನ ಏಟು ಅದು, ಗೂಟ ಹೊಡೆದು ಪಳಗಿದ ಕೈ. ಪರಿಹಾರದ ಶೆಡ್ಡಿನಲ್ಲಿ ಅವನು ನಿನ್ನ ಜಡೆ ಹಿಡಿದು ಗೋಡೆಗೆ ಅಪ್ಪಳಿಸಿ, "ನೀರು ಬರಲ್ಲ ಅಂದೋಳು ನೀನೇ ತಾನೇ" ಎನ್ನುವಾಗ ನಾನು ಬಾಗಿಲಲ್ಲೇ ಇದ್ದೆ. ನೀನು ಒಮ್ಮೆ ನನ್ನ ಕಡೆ ನೋಡಿದೆ, ಬಾಯಿ ಬಿಡಲಿಲ್ಲ. ಅವನನ್ನು ನಾನೇ ಎತ್ತಿ ಒಗೆದೆ ಎಂದು ನಿನ್ನತ್ತೆಗೆ ಹೇಳಿದ್ದೇನೆ. ಬಿಡಿಸಿದ್ದು ನಾಲ್ವರು ಪೊಲೀಸರು.

ನೀರು ಬಂದ ದಿನ ಬೆಳಿಗ್ಗೆ ನೀನು ಫೋನಿನಲ್ಲಿ, "ಮಾವ, ಮೀನುಪೇಟೆ ಬೀದಿಗೆ ಆಳೆತ್ತರ ಕಡಲು ನುಗ್ಗೋ ಸಾಧ್ಯತೆ ನೂರಕ್ಕೆ ಮೂವತ್ತು. ಎಲ್ಲರೂ ದಿಬ್ಬ ಹತ್ಲಿ ಅಂತ ಹಲಗೆ ಮೇಲೆ ಬರಿ" ಎಂದೆ. ನಾನು ನಕ್ಕೆ. "ಹತ್ತು ಮೀನಲ್ಲಿ ಮೂರು ವಿಷ ಅಂದ್ರೆ ಒಂದಾದ್ರೂ ತಿಂತೀಯಾ?" ಎಂದು ನೀನು ಕೇಳಿದೆ. ಆಗಲೂ ನಾನು ನಕ್ಕೆ.

ನಮ್ಮ ಶಾಲೆಯಲ್ಲಿ ಪಾಸಾಗಲು ಮೂವತ್ತೈದು ಬೇಕಿತ್ತು. ಮೂವತ್ತಕ್ಕೆ ಎರಡು ಸಲ ಡುಮ್ಕಿ ಹೊಡೆದವನು ನಾನು, ನನಗೆ ಗೊತ್ತಿಲ್ಲವೇ? ಮಳೆಗೆ ಅಳಿಯದಿರಲೆಂದು ದೋಣಿಯ ಬಣ್ಣದಲ್ಲೇ ಬರೆದೆ: ನೂರಕ್ಕೆ ಮೂವತ್ತು. ಕಡಲು ಫೇಲು. ಕೆಳಗೆ, ಸಹಿ: ಗಾಳಿ ಕಚೇರಿ. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದು ನಕ್ಕಿತು. ಬಲೆಯವನ ಹೆಂಡತಿ ಹೊರಡಲೆಂದು ಕಟ್ಟಿದ್ದ ಗಂಟು ಬಿಚ್ಚಿ ಒಲೆ ಹಚ್ಚಿದಳು.

ಮಧ್ಯಾಹ್ನ ಮೂರಕ್ಕೆ ಕಡಲು ಬಂತು. ದೋಣಿಗಳು ಟಗರುಗಳ ಹಾಗೆ ಗೋಡೆಗೆ ಗುಮ್ಮಿದವು, ಮನೆಗಳು ಒಳಗಿದ್ದವರ ಮೇಲೆಯೇ ಕೂತವು. ಹಗ್ಗ ಎಸೆದು ಮೂವರನ್ನು ಎಳೆದೆ. ಇದು ಬಡಾಯಿಯಲ್ಲ, ಯಾರನ್ನಾದರೂ ಕೇಳು. ನಾಲ್ಕನೆಯವಳು ಬಲೆಯವನ ಹೆಂಡತಿ. ಅವಳ ಬೆರಳು ನನ್ನ ಬೆರಳಲ್ಲಿ ಬಿಗಿಯಾಗಿತ್ತು. ಐಸ್ ಫ್ಯಾಕ್ಟರಿಯ ಕಬ್ಬಿಣದ ಬಾಗಿಲು ಕಿತ್ತು ಬಂದು ಅವಳನ್ನು ಕಂಬಕ್ಕೆ ಅರೆಯಿತು. ಆಮೇಲೆ ಆ ಬೆರಳಲ್ಲಿ ಬಿಗಿ ಇರಲಿಲ್ಲ.

ಹಲಗೆ ಕೊಚ್ಚಿಹೋಯಿತು ಎಂದು ವಿಚಾರಣೆಯವರಿಗೆ ಹೇಳಿದ್ದೂ ನಾನೇ. ನಾಳೆ ನಿನ್ನನ್ನು ಕೆಲಸದಿಂದ ತೆಗೆಯುತ್ತಾರಂತೆ. ಹೆದರಬೇಡ, ಮಾವ ಇದ್ದಾನೆ. ಶೆಡ್ಡಿನಲ್ಲೂ ಇದ್ದ, ಅಲ್ಲವೇ.

ಇಂತಿ,
ಮೂವತ್ತಕ್ಕೆ ಫೇಲಾದ ನಿನ್ನ ಮಾವ

ತಾ.ಕ.: ನೀರು ಇಳಿದ ಮೇಲೆ ಸಿಕ್ಕಿ, ಮಂಚದಡಿ ಬಚ್ಚಿಟ್ಟಿದ್ದ ಹಲಗೆಯನ್ನು ಇವತ್ತು ಬೆಳಿಗ್ಗೆ ಬಲೆಯವನ ಮುಂದೆ ಇಟ್ಟೆ. "ಫೇಲು ಅಂತ ಬರ್ದಿದ್ದು ನಾನು, ಸಹಿನೂ ನಂದೇ. ಹುಡುಗಿ ದಿಬ್ಬ ಹತ್ತಿ ಅಂದಿದ್ಲು" ಎಂದೆ. ಅವನು ತುಂಬಾ ಹೊತ್ತು ಓದಿದ. ಆಮೇಲೆ ನನ್ನ ಬಲಗೈಯನ್ನು ಅದೇ ಹಲಗೆಯ ಮೇಲಿಟ್ಟು ಗೂಟದ ಸುತ್ತಿಗೆಯಿಂದ ಐದೂ ಬೆರಳು ಜಜ್ಜಿದ. ನಾನು ಕೈ ಎಳೆದುಕೊಳ್ಳಲಿಲ್ಲ. ನಾಳೆ ವಿಚಾರಣೆಗೆ ಇಬ್ಬರೂ ಬರುತ್ತೇವೆ. ಹಲಗೆ ಅವನು ಹೊರುತ್ತಾನೆ. ಪೆನ್ನು ಸರಿಯಾಗಿಯೇ ಇದೆ ಮಗಳೇ, ಇದು ಎಡಗೈ.